ಕಾರ್ಟೂನ್ ಸರಣಿಗಳ ಪಾತ್ರಾಭಿನಯ ಆಟದ ರೂಪಾಂತರ

ಕಾರ್ಟೂನ್ ಸರಣಿಗಳ ಪಾತ್ರಾಭಿನಯ ಆಟದ ರೂಪಾಂತರ ಎಂದರೆ ಕಿರುತೆರೆಯಲ್ಲಿ ಪ್ರಸಾರವಾದ ಮಕ್ಕಳ ಅದ್ಭುತರಮ್ಯ ಅನಿಮೇಷನ್ ಸರಣಿಯೊಂದರ ಲೋಕ, ಪಾತ್ರಗಳು ಹಾಗೂ ಕಥನಕ್ರಮವನ್ನು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟದ ಕಥಾಲೋಕವನ್ನಾಗಿ ಮಾರ್ಪಡಿಸುವ ಕ್ರಿಯೆ. ಇಂತಹ ರೂಪಾಂತರಗಳು ಎರಡು ಬಗೆಯವು. ಸರಣಿಯ ಹಕ್ಕುದಾರರಿಂದ ಪರವಾನಗಿ ಪಡೆದು ಪ್ರಕಟವಾಗುವ ಅಧಿಕೃತ ಆಟಗಳು ಮೊದಲನೆಯವು. ಅಭಿಮಾನಿಗಳು ಈಗಾಗಲೇ ಇರುವ ಆಟವೊಂದರ ನಿಯಮಗಳನ್ನು ಬಳಸಿಕೊಂಡು ತಮ್ಮ ಮಿತ್ರಮಂಡಲಿಗಾಗಿ ರಚಿಸಿಕೊಳ್ಳುವ ಖಾಸಗಿ ಕಥಾಲೋಕಗಳು ಎರಡನೆಯವು. 1980ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಪದ್ಧತಿಯು, ಆ ದಶಕದ ಸರಣಿಗಳನ್ನು ನೋಡಿ ಬೆಳೆದ ಪೀಳಿಗೆ ವಯಸ್ಕವಾದ ಬಳಿಕ, ವಿಶೇಷವಾಗಿ 2000ದ ನಂತರ, ವ್ಯಾಪಕವಾಯಿತು.

ಹಿನ್ನೆಲೆ

ಪಾತ್ರಾಭಿನಯ ಆಟದಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆ ಎಂಬುದನ್ನು ಮಾತಿನಲ್ಲಿ ನಿರೂಪಿಸುತ್ತಾನೆ. ಆಟದ ನಿರ್ವಾಹಕನು ಆ ಲೋಕವನ್ನೂ ಅಲ್ಲಿನ ಇತರ ಪಾತ್ರಗಳನ್ನೂ ವಿವರಿಸುತ್ತಾನೆ. ಫಲಿತಾಂಶ ಅನಿಶ್ಚಿತವಾದ ಸಂದರ್ಭಗಳನ್ನು ಸಾಮಾನ್ಯವಾಗಿ ದಾಳ ಎಸೆದು ನಿರ್ಣಯಿಸಲಾಗುತ್ತದೆ. ಈ ಪ್ರಕಾರದ ಮೊದಲ ಪ್ರಕಟಿತ ಆಟವೆಂದು ಪರಿಗಣಿತವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದರ ರಚನಕಾರರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದ ಟಿಎಸ್‌ಆರ್ ಸಂಸ್ಥೆ ಇದರ ಪ್ರಕಾಶಕ.

ಕಾರ್ಟೂನ್ ಸರಣಿ ಮತ್ತು ಪಾತ್ರಾಭಿನಯ ಆಟಗಳ ನಡುವೆ ಮೇಲ್ನೋಟಕ್ಕೆ ಹಲವು ಹೋಲಿಕೆಗಳಿವೆ. ಎರಡರಲ್ಲೂ ಬೇರೆ ಬೇರೆ ಸಾಮರ್ಥ್ಯಗಳುಳ್ಳ ಚಿಕ್ಕದೊಂದು ಗುಂಪು ಕಂತು ಕಂತಾಗಿ ಸಾಹಸಗಳನ್ನು ಎದುರಿಸುತ್ತದೆ. ಎರಡರಲ್ಲೂ ಸುಲಭವಾಗಿ ಗುರುತಿಸಬಹುದಾದ ಖಳನೂ ವಿಚಿತ್ರ ಭೂದೃಶ್ಯಗಳೂ ಇರುತ್ತವೆ. ಎಬಿಸಿ ವಾಹಿನಿಯಲ್ಲಿ 1980–81ರಲ್ಲಿ 21 ಕಂತುಗಳಾಗಿ ಪ್ರಸಾರವಾದ ಥಂಡಾರ್ ದ ಬಾರ್ಬೇರಿಯನ್ ಇದಕ್ಕೆ ಉತ್ತಮ ನಿದರ್ಶನ. 1994ರಲ್ಲಿ ಭೂಮಿ ಮತ್ತು ಚಂದ್ರರ ನಡುವೆ ಹಾದುಹೋದ ಅಲೆಮಾರಿ ಗ್ರಹವೊಂದು ನಾಗರಿಕತೆಯನ್ನು ನಾಶಮಾಡಿತೆಂದೂ, ಎರಡು ಸಾವಿರ ವರ್ಷಗಳ ನಂತರ ಅದೇ ಅವಶೇಷಗಳ ಮೇಲೆ ಮಾಂತ್ರಿಕರು ಆಳುತ್ತಿರುವರೆಂದೂ ಈ ಸರಣಿ ಕಲ್ಪಿಸುತ್ತದೆ. ಯೋಧ ಥಂಡಾರ್, ಮಾಂತ್ರಿಕಳಾದ ರಾಜಕುಮಾರಿ ಏರಿಯಲ್ ಮತ್ತು ದೈತ್ಯಬಲದ ಊಕ್ಲಾ ಎಂಬ ಮೂವರ ತಂಡವು ಪಾತ್ರಾಭಿನಯ ಆಟದ ತಂಡವೊಂದರ ಪಡಿಯಚ್ಚಿನಂತಿದೆ. ಮುರಿದ ಚಂದ್ರ, ಕುಸಿದ ನಗರಗಳು, ಯಂತ್ರ ಮತ್ತು ಮಂತ್ರಗಳ ಮಿಶ್ರಣ ಇವು ಮುಂದೆ ಅನೇಕ ಪ್ರಳಯೋತ್ತರ ಆಟಲೋಕಗಳಲ್ಲಿ ಮರುಕಳಿಸಿದವು.

ಇತಿಹಾಸ

1980ರ ದಶಕದ ಆರಂಭದಲ್ಲಿ ಅಮೆರಿಕದ ಮಕ್ಕಳ ಸರಣಿಗಳಿಗೂ ಆಟಿಕೆ ಉದ್ಯಮಕ್ಕೂ ನಿಕಟ ಸಂಬಂಧ ಬೆಳೆಯಿತು. ಮ್ಯಾಟೆಲ್ ಸಂಸ್ಥೆ 1982ರಲ್ಲಿ ಮಾರುಕಟ್ಟೆಗೆ ತಂದ ಆಟಿಕೆಗಳನ್ನು ಆಧರಿಸಿ ಫಿಲ್ಮೇಷನ್ ಸಂಸ್ಥೆಯು ಹೀ-ಮ್ಯಾನ್ ಅಂಡ್ ದ ಮಾಸ್ಟರ್ಸ್ ಆಫ್ ದ ಯೂನಿವರ್ಸ್ ಸರಣಿಯನ್ನು ನಿರ್ಮಿಸಿತು. 1983ರಿಂದ 1985ರವರೆಗೆ ಇದರ 130 ಕಂತುಗಳು ಪ್ರಸಾರವಾದವು. 1985ರಲ್ಲಿ ಫಾಸಾ ಸಂಸ್ಥೆ ಇದೇ ಲೋಕವನ್ನು ಆಧರಿಸಿದ ಪಾತ್ರಾಭಿನಯ ಆಟವೊಂದನ್ನು ಪ್ರಕಟಿಸಿತು. ಜನಪ್ರಿಯ ಅನಿಮೇಷನ್ ಸರಣಿಯೊಂದು ಪ್ರಸಾರದಲ್ಲಿರುವಾಗಲೇ ಆಟವಾದ ಆರಂಭಿಕ ಉದಾಹರಣೆಗಳಲ್ಲಿ ಇದೂ ಒಂದು.

ಇದಕ್ಕೂ ಮೊದಲು, 1984ರಲ್ಲಿ, ಸ್ಟೀವ್ ಜ್ಯಾಕ್ಸನ್ ಗೇಮ್ಸ್ ಸಂಸ್ಥೆಯು ಟೂನ್ ಎಂಬ ಆಟವನ್ನು ಹೊರತಂದಿತ್ತು. ಗ್ರೆಗ್ ಕಾಸ್ಟಿಕ್ಯಾನ್ ರಚಿಸಿದ ಈ ಆಟವು ಯಾವುದೇ ಒಂದು ಸರಣಿಯನ್ನು ಆಧರಿಸಿರಲಿಲ್ಲ. ಹಾಸ್ಯಪ್ರಧಾನ ಕಾರ್ಟೂನುಗಳ ತರ್ಕವನ್ನೇ ನಿಯಮಗಳನ್ನಾಗಿಸಿತ್ತು. 2002ರಲ್ಲಿ ಸ್ಪೆಕ್ಟ್ರಮ್ ಗೇಮ್ಸ್ ಪ್ರಕಟಿಸಿದ ಕಾರ್ಟೂನ್ ಆ್ಯಕ್ಷನ್ ಅವರ್ ಇದೇ ಮಾರ್ಗವನ್ನು 1980ರ ದಶಕದ ಸಾಹಸ ಸರಣಿಗಳಿಗೆ ಅನ್ವಯಿಸಿತು. ಆಟಗಾರರು ಹಿಂದೆಂದೂ ಇಲ್ಲದ ಒಂದು ‘ಸರಣಿ’ಯನ್ನು ತಾವೇ ಕಲ್ಪಿಸಿಕೊಂಡು ಅದರ ಕಂತುಗಳನ್ನು ಆಡುವುದು ಇದರ ಕ್ರಮ. ಬಾಲ್ಯದ ನೆನಪೇ ಆಟದ ಮುಖ್ಯ ವಸ್ತುವಾದುದು ಈ ಹಂತದಲ್ಲಿ.

2010ರ ದಶಕದಲ್ಲಿ ಹೊಸ ಸರಣಿಗಳೂ ಆಟದ ರೂಪ ಪಡೆದವು. ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್ ಸರಣಿಯನ್ನು ಆಧರಿಸಿ ಬ್ರಿಟನ್ನಿನ ರಿವರ್ ಹಾರ್ಸ್ ಸಂಸ್ಥೆ 2017ರಲ್ಲಿ ಟೇಲ್ಸ್ ಆಫ್ ಇಕ್ವೆಸ್ಟ್ರಿಯಾ ಆಟವನ್ನು ಪ್ರಕಟಿಸಿತು. ನಿಕಲೋಡಿಯನ್ ವಾಹಿನಿಯ ಅವತಾರ್: ದ ಲಾಸ್ಟ್ ಏರ್‌ಬೆಂಡರ್ (2005–2008) ಮತ್ತು ದ ಲೆಜೆಂಡ್ ಆಫ್ ಕೋರಾ (2012–2014) ಸರಣಿಗಳನ್ನು ಆಧರಿಸಿದ ಅವತಾರ್ ಲೆಜೆಂಡ್ಸ್ ಆಟಕ್ಕಾಗಿ ಮ್ಯಾಗ್‌ಪೈ ಗೇಮ್ಸ್ ಸಂಸ್ಥೆಯು 2021ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ನಿಧಿ ಸಂಗ್ರಹಿಸಿತು. 81,000ಕ್ಕೂ ಹೆಚ್ಚು ಜನರಿಂದ 95 ಲಕ್ಷ ಡಾಲರಿಗೂ ಮಿಕ್ಕಿದ ಮೊತ್ತ ಒದಗಿತು. ಆ ವೇಳೆಗೆ ಪಾತ್ರಾಭಿನಯ ಆಟವೊಂದಕ್ಕೆ ಆ ವೇದಿಕೆಯಲ್ಲಿ ದೊರೆತ ಅತಿ ದೊಡ್ಡ ಬೆಂಬಲ ಇದಾಗಿತ್ತು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸರಣಿಯ ನಿದರ್ಶನ

ಆಟದಿಂದ ಕಾರ್ಟೂನಾಗಿ, ಕಾರ್ಟೂನಿನಿಂದ ಮರಳಿ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನಿಮೇಷನ್ ಸರಣಿಯು ರೂಪಾಂತರದ ಸಾಧ್ಯತೆಗಳನ್ನೂ ತೊಡಕುಗಳನ್ನೂ ಏಕಕಾಲಕ್ಕೆ ತೋರಿಸುತ್ತದೆ. ಮಾರ್ವೆಲ್ ಪ್ರೊಡಕ್ಷನ್ಸ್ ಮತ್ತು ಟಿಎಸ್‌ಆರ್ ಸಂಸ್ಥೆಗಳ ಸಹಯೋಗದಲ್ಲಿ ತಯಾರಾದ ಇದರ ಅನಿಮೇಷನ್ ಕೆಲಸವನ್ನು ಜಪಾನಿನ ತೋಯೆ ಸಂಸ್ಥೆ ನಿರ್ವಹಿಸಿತು. ಸಿಬಿಎಸ್ ವಾಹಿನಿಯಲ್ಲಿ 1983ರಿಂದ 1985ರವರೆಗೆ ಮೂರು ಋತುಗಳಲ್ಲಿ 27 ಕಂತುಗಳು ಪ್ರಸಾರವಾದವು.

ಮನರಂಜನಾ ಉದ್ಯಾನವೊಂದರ ಸವಾರಿ ಏರಿದ ಆರು ಮಂದಿ ಮಕ್ಕಳು ಬೇರೊಂದು ಲೋಕಕ್ಕೆ ಬಂದು ಬೀಳುತ್ತಾರೆ. ಅಲ್ಲಿ ಡಂಜನ್ ಮಾಸ್ಟರ್ ಎಂಬ ವೃದ್ಧನು ಒಬ್ಬೊಬ್ಬರಿಗೂ ಒಂದೊಂದು ಮಾಯಾಸಾಧನ ನೀಡುತ್ತಾನೆ. ಹ್ಯಾಂಕನಿಗೆ ಬೆಳಕಿನ ಬಾಣಗಳ ಬಿಲ್ಲು, ಎರಿಕನಿಗೆ ಗುರಾಣಿ, ಡಯಾನಾಳಿಗೆ ದಂಡ, ಪ್ರೆಸ್ಟೋಗೆ ಟೋಪಿ, ಶೀಲಾಳಿಗೆ ಅದೃಶ್ಯಗೊಳಿಸುವ ನಿಲುವಂಗಿ, ಕಿರಿಯವನಾದ ಬಾಬಿಗೆ ಗದೆ ದೊರೆಯುತ್ತವೆ. ಈ ಸಾಧನಗಳನ್ನು ಕಸಿಯಬಯಸುವ ವೆಂಜರ್ ಎಂಬ ಮಾಂತ್ರಿಕನೂ ಐದು ತಲೆಗಳ ಡ್ರ್ಯಾಗನ್ ಟಿಯಾಮಾಟ್ ಕೂಡ ಅವರನ್ನು ಕಾಡುತ್ತಾರೆ. ಮನೆಗೆ ಮರಳುವ ದಾರಿಯನ್ನು ಹುಡುಕುವುದೇ ಮಕ್ಕಳ ಗುರಿ. ಬಹುತೇಕ ಕಂತುಗಳಲ್ಲಿ ಆ ದಾರಿ ಕಣ್ಣಿಗೆ ಬಿದ್ದರೂ ಕೈಗೆ ಸಿಗುವುದಿಲ್ಲ.

ಸರಣಿಯ ಪಾತ್ರವರ್ಗಗಳಾದ ಕ್ಯಾವಲಿಯರ್, ಬಾರ್ಬೇರಿಯನ್ ಮತ್ತು ಆಕ್ರೊಬ್ಯಾಟ್‌ಗಳಿಗೆ ಸಂವಾದಿಯಾದ ವರ್ಗಗಳು 1985ರ ಅನ್‌ಅರ್ಥ್ಡ್ ಆರ್ಕೇನಾ ಎಂಬ ನಿಯಮಗ್ರಂಥದಲ್ಲಿ ಸೇರಿದವು. 2006ರಲ್ಲಿ ಸರಣಿಯ ಡಿವಿಡಿ ಸಂಪುಟ ಹೊರಬಂದಾಗ, ಆಟದ ಆಗಿನ ಆವೃತ್ತಿಯ ನಿಯಮಗಳಿಗನುಗುಣವಾಗಿ ಆ ಮಕ್ಕಳ ಪಾತ್ರವಿವರಗಳನ್ನು ನೀಡುವ ಕೈಪಿಡಿಯೊಂದನ್ನು ಅದರೊಡನೆ ಒದಗಿಸಲಾಯಿತು. 2023ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಂಗ್ ಥೀವ್ಸ್ ಚಲನಚಿತ್ರದ ಚಕ್ರವ್ಯೂಹದ ದೃಶ್ಯದಲ್ಲಿ ಇದೇ ಮಕ್ಕಳ ವೇಷಭೂಷಣದ ತಂಡವೊಂದು ಕಾಣಿಸಿಕೊಳ್ಳುತ್ತದೆ.

ಸರಣಿಯು ಮುಕ್ತಾಯವಿಲ್ಲದೆ ನಿಂತುಹೋಯಿತು. ಮೈಕೆಲ್ ರೀವ್ಸ್ ಬರೆದ ‘ರೆಕ್ವಿಯಂ’ ಎಂಬ ಅಂತಿಮ ಕಂತಿನ ಚಿತ್ರಕಥೆ ಸಿದ್ಧವಿತ್ತಾದರೂ ಅದು ನಿರ್ಮಾಣವಾಗಲಿಲ್ಲ. ಚಿತ್ರಕಥೆಯಲ್ಲಿ ವೆಂಜರ್ ತನ್ನ ದುಷ್ಟತನದಿಂದ ಬಿಡುಗಡೆ ಹೊಂದುತ್ತಾನೆ. ಮನೆಗೆ ಮರಳುವ ಅಥವಾ ಆ ಲೋಕದಲ್ಲೇ ಉಳಿಯುವ ಆಯ್ಕೆ ಮಕ್ಕಳಿಗೆ ದೊರೆಯುತ್ತದೆ. ಅವರು ಯಾವುದನ್ನು ಆರಿಸಿಕೊಂಡರು ಎಂಬುದನ್ನು ಚಿತ್ರಕಥೆ ಹೇಳುವುದಿಲ್ಲ. ರೀವ್ಸ್ ಇದನ್ನು ಮುಂದೆ ಬಹಿರಂಗಗೊಳಿಸಿದರು. ಮೇಲೆ ಹೇಳಿದ ಡಿವಿಡಿ ಸಂಪುಟದಲ್ಲಿ ಇದರ ಶ್ರವ್ಯರೂಪವನ್ನು ಸೇರಿಸಲಾಯಿತು. ‘ಕಾವೆರ್ನಾ ದೊ ದ್ರಾಗಾಂವ್’ ಎಂಬ ಹೆಸರಿನಲ್ಲಿ ಸರಣಿಯು ಅತ್ಯಂತ ಜನಪ್ರಿಯವಾದ ಬ್ರೆಜಿಲ್‌ನಲ್ಲಿ ಮಕ್ಕಳ ಅಂತಿಮ ಗತಿಯ ಬಗ್ಗೆ ಹಲವು ವದಂತಿಗಳು ಹರಡಿದ್ದವು. ಮಕ್ಕಳು ಸವಾರಿಯಲ್ಲೇ ಸತ್ತಿದ್ದರು, ಆ ಲೋಕವು ವಾಸ್ತವದಲ್ಲಿ ನರಕ ಎಂಬುದು ಅವುಗಳಲ್ಲೊಂದು. ರೀವ್ಸ್ ಇದನ್ನು ನಿರಾಕರಿಸಿದ್ದರು.

ರೂಪಾಂತರಕಾರರಿಗೆ ಈ ಅಪೂರ್ಣತೆಯೇ ದೊಡ್ಡ ಅವಕಾಶವಾಗಿದೆ. ಮುಗಿದ ಕಥೆಯಲ್ಲಿ ಆಟಗಾರನಿಗೆ ನಿರ್ಧರಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಮುಗಿಯದ ಕಥೆಯಲ್ಲಾದರೋ ಮಕ್ಕಳು ಹಿಂದಿರುಗುವರೇ, ಹಿಂದಿರುಗಿದರೆ ಯಾರು ಉಳಿಯುವರು, ಉಳಿದವರು ಬೆಳೆದು ಏನಾಗುವರು ಎಂಬ ಪ್ರಶ್ನೆಗಳೆಲ್ಲ ಆಟದ ಮೇಜಿನ ಮೇಲೆ ತೆರೆದೇ ಇರುತ್ತವೆ.

ರೂಪಾಂತರದ ಮುಖ್ಯ ಸಮಸ್ಯೆಗಳು

ನಾಯಕರ ಸ್ಥಾನ

ಕಾರ್ಟೂನ್ ಸರಣಿಯ ಕೇಂದ್ರದಲ್ಲಿ ಈಗಾಗಲೇ ಒಬ್ಬ ನಾಯಕನಿರುತ್ತಾನೆ. ಆಟಗಾರರು ಅವನನ್ನೇ ವಹಿಸಿಕೊಂಡರೆ, ತೆರೆಯ ಮೇಲೆ ಅವನು ನಡೆದುಕೊಂಡ ರೀತಿಯೊಡನೆ ಪ್ರತಿ ಮಾತನ್ನೂ ಹೋಲಿಸುವ ಪ್ರವೃತ್ತಿ ಉಂಟಾಗುತ್ತದೆ. ಹೊಸ ಪಾತ್ರಗಳನ್ನು ರಚಿಸಿಕೊಂಡರೆ, ಮೂಲ ನಾಯಕನ ನೆರಳಿನಲ್ಲಿ ಅವು ಗೌಣವಾಗುವ ಅಪಾಯವಿದೆ. ಹೀ-ಮ್ಯಾನ್‌ನಂತಹ ಸರಣಿಯಲ್ಲಿ ಒಬ್ಬನ ಬಲ ಉಳಿದವರೆಲ್ಲರ ಬಲವನ್ನೂ ಮೀರಿಸುವುದರಿಂದ ಈ ತೊಡಕು ಇನ್ನೂ ಹೆಚ್ಚು.

ಈ ಸಮಸ್ಯೆಗೆ ಮೂರು ಪರಿಹಾರಗಳು ರೂಢಿಯಲ್ಲಿವೆ. ಕಥೆಯನ್ನು ಅದೇ ಲೋಕದ ಬೇರೊಂದು ಪ್ರದೇಶಕ್ಕೆ ಸಾಗಿಸುವುದು ಮೊದಲನೆಯದು. ಬೇರೊಂದು ಕಾಲಕ್ಕೆ ಸಾಗಿಸುವುದು ಎರಡನೆಯದು. ಅವತಾರ್ ಲೆಜೆಂಡ್ಸ್ ಆಟವು ಕ್ಯೋಶಿ, ರೋಕು, ಆಂಗ್, ಕೋರಾ ಇವರ ಕಾಲಗಳನ್ನೂ ನೂರು ವರ್ಷಗಳ ಯುದ್ಧದ ಅವಧಿಯನ್ನೂ ಪ್ರತ್ಯೇಕ ಯುಗಗಳನ್ನಾಗಿ ನೀಡಿ, ಆಟಗಾರರು ಅವುಗಳಲ್ಲೊಂದನ್ನು ಆರಿಸಿ ಹೊಸ ವೀರರನ್ನು ರಚಿಸಿಕೊಳ್ಳುವಂತೆ ಮಾಡಿದೆ. ಮೂಲ ನಾಯಕನು ಸೋತಿರುವ ಅಥವಾ ಕಾಣೆಯಾಗಿರುವ ಸ್ಥಿತಿಯಿಂದ ಕಥೆಯನ್ನು ಆರಂಭಿಸುವುದು ಮೂರನೆಯದು. ಅಭಿಮಾನಿಗಳ ಖಾಸಗಿ ರೂಪಾಂತರಗಳಲ್ಲಿ ಇದು ಸಾಮಾನ್ಯ.

ಹಿಂಸೆ ಮತ್ತು ಸಾವು

1980ರ ದಶಕದ ಅಮೆರಿಕನ್ ವಾಹಿನಿಗಳ ಪ್ರಸಾರ ನಿಯಮಗಳು ಮಕ್ಕಳ ಸರಣಿಗಳಲ್ಲಿನ ಹಿಂಸೆಯನ್ನು ತೀವ್ರವಾಗಿ ಮಿತಿಗೊಳಿಸಿದ್ದವು. ಖಡ್ಗಗಳು ಯಂತ್ರಗಳನ್ನೂ ಬಂಡೆಗಳನ್ನೂ ಸೀಳುತ್ತಿದ್ದವೇ ಹೊರತು ಜೀವಿಗಳನ್ನಲ್ಲ. ಆದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾದರಿಯ ನಿಯಮಗಳು ಕಾಳಗವನ್ನೇ ಕೇಂದ್ರದಲ್ಲಿಟ್ಟುಕೊಂಡಿವೆ. ಅಲ್ಲಿ ಪೆಟ್ಟುಗಳನ್ನು ಅಂಕಗಳಲ್ಲಿ ಅಳೆಯಲಾಗುತ್ತದೆ. ಅಂಕಗಳು ಮುಗಿದ ಪಾತ್ರ ಸಾಯಬಹುದು. ಕಾರ್ಟೂನಿನ ಲೋಕವನ್ನು ಬದಲಾವಣೆಯಿಲ್ಲದೆ ಇಂತಹ ನಿಯಮಗಳಿಗೆ ಒಪ್ಪಿಸಿದರೆ, ಹೆಸರುಗಳು ಹಳೆಯವೇ ಉಳಿದರೂ ಅನುಭವ ಪೂರ್ತಿ ಬೇರೆಯಾಗುತ್ತದೆ.

ಇಲ್ಲಿ ಇರುವುದು ಸೆನ್ಸಾರಿನ ಪ್ರಶ್ನೆ ಮಾತ್ರವಲ್ಲ. ಕೊಲ್ಲದಿರುವುದು ಆ ಕಥೆಗಳ ನೀತಿಯ ಭಾಗವೂ ಆಗಿತ್ತು. 1984ರಲ್ಲಿ ಪ್ರಸಾರವಾದ ‘ದ ಡ್ರ್ಯಾಗನ್ಸ್ ಗ್ರೇವ್‌ಯಾರ್ಡ್’ ಎಂಬ ಕಂತಿನಲ್ಲಿ, ಮತ್ತೊಮ್ಮೆ ಮನೆಯ ದಾರಿ ತಪ್ಪಿದ ಮಕ್ಕಳು ಹತಾಶರಾಗಿ ವೆಂಜರನನ್ನು ಮುಗಿಸಿಬಿಡುವ ನಿರ್ಧಾರಕ್ಕೆ ಬರುತ್ತಾರೆ. ಅವನು ಅಸಹಾಯಕನಾಗಿ ಎದುರಿಗೆ ಸಿಕ್ಕಾಗ ಹ್ಯಾಂಕ್ ಬಾಣ ಬಿಡದೆ ಅವನನ್ನು ಹೋಗಗೊಡುತ್ತಾನೆ. ಚಿತ್ರಕಥೆಯಲ್ಲಿ ಲೇಖಕನು ಒಮ್ಮೆಗೇ ನಿರ್ಧರಿಸಿದ ಈ ಸಂಗತಿಯನ್ನು ಆಟದಲ್ಲಿ ಆಟಗಾರರೇ ನಿರ್ಧರಿಸಬೇಕು. ಬಾಣ ಬಿಡುವ ಸಾಧ್ಯತೆ ನಿಜವಾಗಿಯೂ ಇದ್ದಾಗಲೇ ಬಿಡದಿರುವುದಕ್ಕೆ ಬೆಲೆ ಬರುತ್ತದೆ. ಆದುದರಿಂದ ಸಾವನ್ನು ನಿಯಮದಿಂದಲೇ ತೆಗೆದುಹಾಕುವುದು, ಅದನ್ನು ಇರಿಸಿಕೊಂಡು ಪರಿಣಾಮಗಳನ್ನು ಭಾರವಾಗಿಸುವುದು ಎಂಬ ಎರಡು ಮಾರ್ಗಗಳ ನಡುವೆ ರೂಪಾಂತರಕಾರರು ಆಯ್ಕೆ ಮಾಡಬೇಕಾಗುತ್ತದೆ.

ಕಂತಿನ ರಚನೆ

ಹಳೆಯ ಸರಣಿಗಳಲ್ಲಿ ಪ್ರತಿ ಕಂತಿನ ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತಿತ್ತು. ಯಾವ ಕ್ರಮದಲ್ಲಿ ಪ್ರಸಾರ ಮಾಡಿದರೂ ಅರ್ಥವಾಗಬೇಕೆಂಬುದು ಇದರ ಉದ್ದೇಶ. ಖಳನು ಪ್ರತಿ ಬಾರಿಯೂ ತಪ್ಪಿಸಿಕೊಳ್ಳುತ್ತಿದ್ದನು. ಪಾತ್ರಾಭಿನಯ ಆಟದಲ್ಲಾದರೋ ಹಿಂದಿನ ಬೈಠಕ್ಕಿನ ಫಲಗಳು ಮುಂದಿನ ಬೈಠಕ್ಕಿಗೆ ಸಾಗುತ್ತವೆ, ಪಾತ್ರಗಳ ಸಾಮರ್ಥ್ಯ ಹೆಚ್ಚುತ್ತದೆ. ಹತ್ತಾರು ಬಾರಿ ಸೋತೂ ತಪ್ಪಿಸಿಕೊಳ್ಳುವ ಖಳನು ಮಕ್ಕಳ ಕಥೆಯಲ್ಲಿ ಸಹಜವೆನಿಸಿದರೂ, ಅವನನ್ನು ಸೆರೆಹಿಡಿಯಲು ಶ್ರಮಿಸಿದ ಆಟಗಾರರಿಗೆ ಅದು ನಿರ್ವಾಹಕನ ಮೋಸವೆಂದು ತೋರಬಹುದು. ಖಳನು ತಪ್ಪಿಸಿಕೊಂಡಾಗಲೆಲ್ಲ ಆಟಗಾರರಿಗೆ ಅದೃಷ್ಟದ ಅಂಕವೊಂದನ್ನು ಪರಿಹಾರವಾಗಿ ನೀಡುವುದು ಇದಕ್ಕೆ ಒಂದು ಪರಿಹಾರ.

ಲೋಕದ ಅಸ್ಪಷ್ಟತೆ

ಕಾರ್ಟೂನಿನ ಲೋಕಕ್ಕೆ ಸಾಮಾನ್ಯವಾಗಿ ಪೂರ್ಣ ಭೂಪಟವಾಗಲಿ ಇತಿಹಾಸವಾಗಲಿ ಇರುವುದಿಲ್ಲ. ಹಿನ್ನೆಲೆಯಲ್ಲಿ ಕಾಣುವ ಗೋಪುರವೊಂದನ್ನು ಚಿತ್ರಕಾರನು ಸೌಂದರ್ಯಕ್ಕಾಗಿ ಬರೆದಿರುತ್ತಾನೆ. ಆಟದಲ್ಲಿ ಆಟಗಾರರು ಆ ಗೋಪುರಕ್ಕೇ ಹೋಗಬಯಸಬಹುದು. ಅಲ್ಲಿ ಯಾರಿದ್ದಾರೆ, ಅವರು ಏನನ್ನು ಉಣ್ಣುತ್ತಾರೆ, ಯಾರಿಗೆ ಹೆದರುತ್ತಾರೆ ಎಂಬುದಕ್ಕೆ ಉತ್ತರ ಬೇಕಾಗುತ್ತದೆ. ಎಲ್ಲವನ್ನೂ ಮೊದಲೇ ವಿವರಿಸಿಬಿಟ್ಟರೆ ಬಾಲ್ಯದಲ್ಲಿ ಕಂಡ ವಿಸ್ಮಯ ಕರಗುತ್ತದೆ. ಏನನ್ನೂ ವಿವರಿಸದಿದ್ದರೆ ಆಟ ಸಾಗುವುದಿಲ್ಲ. ಆದಕಾರಣ ಕೆಲವು ಮುಖ್ಯ ಸ್ಥಳಗಳನ್ನು ಮಾತ್ರ ನಿಶ್ಚಯಿಸಿ, ಉಳಿದುದನ್ನು ಆಟ ಸಾಗಿದಂತೆ ತುಂಬುವ ಕ್ರಮವನ್ನು ಹಲವರು ಅನುಸರಿಸುತ್ತಾರೆ.

ನಿಯಮಗಳ ಆಯ್ಕೆ

ಸರಣಿಯ ಭಾವಕ್ಕೆ ಹೊಂದುವ ನಿಯಮಗಳನ್ನು ಆರಿಸುವುದು ರೂಪಾಂತರದ ನಿರ್ಣಾಯಕ ಹಂತ. ಪ್ರಕಟಿತ ಆಟಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ನಿಭಾಯಿಸಿವೆ.

ಟೂನ್ ಆಟದಲ್ಲಿ ಯಾವ ಪಾತ್ರವೂ ಸಾಯುವುದಿಲ್ಲ. ಪೆಟ್ಟಿನ ಅಂಕಗಳು ಮುಗಿದರೆ ಪಾತ್ರ ‘ಬಿದ್ದುಹೋಗುತ್ತದೆ’. ಆಟಗಾರನು ಮೂರು ನಿಮಿಷ ಸುಮ್ಮನೆ ಕುಳಿತಿದ್ದು ಮತ್ತೆ ಆಟಕ್ಕೆ ಮರಳುತ್ತಾನೆ.

ಟೇಲ್ಸ್ ಆಫ್ ಇಕ್ವೆಸ್ಟ್ರಿಯಾ ಆಟವು ದೇಹ, ಮನಸ್ಸು ಮತ್ತು ಮೋಹಕತೆ ಎಂಬ ಮೂರು ಗುಣಗಳನ್ನು ಬೇರೆ ಬೇರೆ ಮುಖಸಂಖ್ಯೆಯ ದಾಳಗಳಿಂದ ಸೂಚಿಸುತ್ತದೆ. ದಾಳದಲ್ಲಿ ಗರಿಷ್ಠ ಸಂಖ್ಯೆ ಬಿದ್ದರೆ ಅದಕ್ಕಿಂತ ದೊಡ್ಡ ದಾಳವನ್ನು ಎಸೆಯುವ ಅವಕಾಶವುಂಟು. ‘ಸ್ನೇಹದ ಬಿಲ್ಲೆ’ಗಳನ್ನು ವೆಚ್ಚ ಮಾಡಿ ಸೋಲನ್ನು ಸರಿಪಡಿಸಿಕೊಳ್ಳಬಹುದು, ಅವುಗಳನ್ನು ಆಟಗಾರರು ಒಟ್ಟುಗೂಡಿಸಿಯೂ ಬಳಸಬಹುದು. ಸ್ನೇಹವೇ ಶಕ್ತಿ ಎಂಬ ಮೂಲ ಸರಣಿಯ ಆಶಯವು ಹೀಗೆ ಉಪದೇಶವಾಗಿ ಉಳಿಯದೆ ಆಟದ ಲೆಕ್ಕಾಚಾರದೊಳಗೇ ಸೇರಿಕೊಂಡಿದೆ.

ಅವತಾರ್ ಲೆಜೆಂಡ್ಸ್ ಆಟವು ವಿನ್ಸೆಂಟ್ ಮತ್ತು ಮೆಗ್ವೇ ಬೇಕರ್ ದಂಪತಿಯ ಅಪಾಕಲಿಪ್ಸ್ ವರ್ಲ್ಡ್ (2010) ಆಟದಿಂದ ಬೆಳೆದ ನಿಯಮಪದ್ಧತಿಯನ್ನು ಬಳಸುತ್ತದೆ. ಎರಡು ಆರುಮುಖದ ದಾಳಗಳ ಮೊತ್ತಕ್ಕೆ ಪಾತ್ರದ ಗುಣಾಂಕವನ್ನು ಸೇರಿಸಿದಾಗ 10 ಅಥವಾ ಹೆಚ್ಚು ಬಂದರೆ ಪೂರ್ಣ ಯಶಸ್ಸು, 7ರಿಂದ 9 ಬಂದರೆ ಭಾಗಶಃ ಯಶಸ್ಸು. ಇದರ ವಿಶೇಷವೆಂದರೆ ಪ್ರತಿ ಪಾತ್ರದೊಳಗೂ ಪರಸ್ಪರ ಎಳೆಯುವ ಎರಡು ಮೌಲ್ಯಗಳಿರುವುದು. ಒಂದು ಪಾತ್ರಕ್ಕೆ ಸಂಪ್ರದಾಯ ಮತ್ತು ಪ್ರಗತಿ, ಇನ್ನೊಂದಕ್ಕೆ ಸ್ವಾವಲಂಬನೆ ಮತ್ತು ವಿಶ್ವಾಸ. ಕಥೆ ಸಾಗಿದಂತೆ ಪಾತ್ರದ ಸಮತೋಲವು ಒಂದರ ಕಡೆಯಿಂದ ಇನ್ನೊಂದರ ಕಡೆಗೆ ಜರುಗುತ್ತದೆ. ಕಾಳಗದ ಪೆಟ್ಟುಗಳು ಭಯ, ಸಿಟ್ಟು, ಅಪರಾಧಪ್ರಜ್ಞೆ ಮೊದಲಾದ ಮನಃಸ್ಥಿತಿಗಳಾಗಿಯೂ ದಾಖಲಾಗುತ್ತವೆ.

ಗುಂಪಿನೊಳಗಿನ ಭಿನ್ನಮತ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸರಣಿಯ ಆರಂಭಿಕ ರೂಪುರೇಷೆಯಲ್ಲಿ ಪಾಲ್ಗೊಂಡ ಲೇಖಕ ಮಾರ್ಕ್ ಎವಾನಿಯರ್, ಎರಿಕನ ಪಾತ್ರದ ಬಗ್ಗೆ ಬರೆದಿದ್ದಾರೆ. ಮಕ್ಕಳ ಕಾರ್ಯಕ್ರಮಗಳ ಮೇಲೆ ಪ್ರಭಾವ ಬೀರುತ್ತಿದ್ದ ಪೋಷಕರ ಸಂಘಟನೆಗಳು ಮತ್ತು ಸಲಹೆಗಾರರ ಒತ್ತಾಯದಂತೆ, ಗುಂಪಿನ ಅಭಿಪ್ರಾಯವೇ ಯಾವಾಗಲೂ ಸರಿ, ಭಿನ್ನವಾಗಿ ಮಾತನಾಡುವವನೇ ತಪ್ಪು ಎಂಬ ಪಾಠವನ್ನು ಹೇಳಲು ಎರಿಕನನ್ನು ಗೊಣಗುವವನನ್ನಾಗಿ ಮಾಡಬೇಕಾಯಿತೆಂಬುದು ಅವರ ಹೇಳಿಕೆ. ಅವರು ಈ ಪಾಠವನ್ನು ಒಪ್ಪಿರಲಿಲ್ಲ.

ಪಾತ್ರಾಭಿನಯ ಆಟದಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಅಲ್ಲಿ ಪ್ರತಿ ಪಾತ್ರದ ಹಿಂದೆಯೂ ಒಬ್ಬ ವ್ಯಕ್ತಿ ಇರುವುದರಿಂದ, ಎರಿಕನ ಆಕ್ಷೇಪಗಳು ಉಳಿದವರ ಮಾತಿನಷ್ಟೇ ತೂಕ ಪಡೆಯುತ್ತವೆ. ಅಪರಿಚಿತ ಗುಹೆಯೊಳಗೆ ಹೋಗಬಾರದೆಂಬ ಅವನ ವಾದ ಎಷ್ಟೋ ಬಾರಿ ವಿವೇಕದ ಮಾತೇ ಆಗಿರುತ್ತದೆ. ಮೂಲ ಸರಣಿಯು ನಗೆಪಾಟಲು ಮಾಡಿದ ಪಾತ್ರಗಳಿಗೆ ನ್ಯಾಯ ದೊರಕಿಸುವುದು ಇಂತಹ ರೂಪಾಂತರಗಳ ಆಕರ್ಷಣೆಗಳಲ್ಲಿ ಒಂದಾಗಿದೆ.

ಹಕ್ಕುಸ್ವಾಮ್ಯ

ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಆಟವೊಂದರ ಕಲ್ಪನೆಗೆ ಮತ್ತು ಆಡುವ ವಿಧಾನಕ್ಕೆ ರಕ್ಷಣೆಯಿಲ್ಲ. ಅದನ್ನು ವಿವರಿಸುವ ಬರಹಕ್ಕೆ ಮತ್ತು ಚಿತ್ರಗಳಿಗೆ ಇದೆ. ಕಾರ್ಟೂನ್ ಸರಣಿಯ ಪಾತ್ರಗಳು, ಕಥೆಗಳು ಮತ್ತು ಚಿತ್ರಗಳೂ ರಕ್ಷಿತವಾಗಿದ್ದು, ಹೆಸರುಗಳು ಹಲವು ವೇಳೆ ವ್ಯಾಪಾರಮುದ್ರೆಗಳಾಗಿರುತ್ತವೆ. ಆದುದರಿಂದ ಪರವಾನಗಿಯಿಲ್ಲದೆ ಅಂತಹ ಕಥಾಲೋಕವನ್ನು ಮಾರಾಟಕ್ಕೆ ಪ್ರಕಟಿಸುವುದು ಕಾನೂನಿನ ತೊಡಕಿಗೆ ದಾರಿಯಾಗುತ್ತದೆ. ಪರವಾನಗಿ ಪಡೆದ ಆಟಗಳಿಗೂ ಒಂದು ಮಿತಿಯಿದೆ: ಒಪ್ಪಂದದ ಅವಧಿ ಮುಗಿದ ಬಳಿಕ ಅವುಗಳ ಮುದ್ರಣ ಸಾಮಾನ್ಯವಾಗಿ ನಿಂತುಹೋಗುತ್ತದೆ, ಹಳೆಯ ಪ್ರತಿಗಳು ಸಂಗ್ರಾಹಕರ ಪಾಲಾಗುತ್ತವೆ.

ನಿಯಮಗಳ ಕಡೆಯಿಂದ ಪರಿಸ್ಥಿತಿ ಸಡಿಲವಾಗಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಇದರಿಂದ ಯಾರು ಬೇಕಾದರೂ ಆ ನಿಯಮಗಳನ್ನು ಆಧರಿಸಿ ಸ್ವಂತ ಕಥಾಲೋಕವನ್ನು ಪ್ರಕಟಿಸಬಹುದಾಗಿದೆ. ಪ್ರಿಯ ಸರಣಿಯೊಂದರ ಹೆಸರುಗಳನ್ನೂ ಗುರುತುಗಳನ್ನೂ ಬಿಟ್ಟು, ಅದರ ಭಾವವನ್ನು ಮಾತ್ರ ಉಳಿಸಿಕೊಂಡು ಹೊಸ ಲೋಕ ಕಟ್ಟುವ ಪದ್ಧತಿ ಇದರಿಂದ ಬಲಗೊಂಡಿದೆ.

ಟೀಕೆ ಮತ್ತು ಮಹತ್ವ

ಬಾಲ್ಯಸ್ಮರಣೆಯನ್ನು ಆಧರಿಸಿದ ಆಟಗಳ ಬಗ್ಗೆ ಎರಡು ಆಕ್ಷೇಪಗಳಿವೆ. ಆಟಿಕೆಗಳ ಮಾರಾಟಕ್ಕಾಗಿ ಹುಟ್ಟಿದ ಸರಣಿಗಳನ್ನು ಮತ್ತೊಮ್ಮೆ ಮಾರಾಟದ ಸರಕನ್ನಾಗಿಸುವ ಕ್ರಮ ಇದು ಎಂಬುದು ಮೊದಲನೆಯದು. ಮೂಲ ಸರಣಿಯನ್ನು ನೋಡದ ಆಟಗಾರರು ಹೊರಗುಳಿಯುತ್ತಾರೆ ಎಂಬುದು ಎರಡನೆಯದು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ದಶಕಗಳಲ್ಲಿ ಬೆಳೆದವರು ಒಂದೇ ಮೇಜಿನ ಸುತ್ತ ಕುಳಿತಾಗ ಈ ಎರಡನೆಯ ತೊಡಕು ಹೆಚ್ಚಾಗಿ ಕಾಣುತ್ತದೆ.

ಇದಕ್ಕೆ ಪ್ರತಿಯಾಗಿ, ಪ್ರೇಕ್ಷಕನು ಭಾಗಿಯಾಗಿ ಬದಲಾಗುವುದನ್ನು ಈ ಪ್ರಕಾರದ ಮಹತ್ವವೆಂದು ಗುರುತಿಸಲಾಗುತ್ತದೆ. ಪೆಂಡಲ್‌ಟನ್ ವಾರ್ಡ್ ರಚಿಸಿದ ಅಡ್ವೆಂಚರ್ ಟೈಮ್ (2010–2018) ಸರಣಿಯು ಪಾತ್ರಾಭಿನಯ ಆಟಗಳಿಂದ ಸ್ಫೂರ್ತಿ ಪಡೆದು, ಮುಂದೆ ತಾನೇ ಆಟವಾಗಿ ರೂಪಾಂತರಗೊಂಡಿತು. ಆಟ ಮತ್ತು ಕಾರ್ಟೂನುಗಳ ನಡುವಿನ ಕೊಡುಕೊಳೆ ಇಬ್ಬದಿಯದು ಎಂಬುದನ್ನು ಇದು ತೋರಿಸುತ್ತದೆ. ‘ರೆಕ್ವಿಯಂ’ನ ಕೊನೆಯಲ್ಲಿ ಮಕ್ಕಳಿಗೆ ಉಳಿದಿದ್ದ ಆಯ್ಕೆಯು, ಅದೇ ಕಥೆಯನ್ನು ಆಡುವ ಪ್ರತಿ ಗುಂಪಿಗೂ ಹೊಸದಾಗಿ ಎದುರಾಗುತ್ತದೆ, ಒಂದು ಗುಂಪಿನ ಮಕ್ಕಳು ಮನೆಗೆ ಮರಳಬಹುದು, ಇನ್ನೊಂದರವರು ಅಲ್ಲೇ ಉಳಿಯಬಹುದು.